ಅಳತೆ ಪುಸ್ತಕ

ಸ್ಪೈಟ್ಸ್‌ಟೌನಿನ ಅರ್ಧ ಊರಿನ ಸೊಂಟ ನನ್ನ ಪುಸ್ತಕದಲ್ಲಿದೆ.
ಪಾದ್ರಿಯದು, ಪೋಸ್ಟ್‌ಮಾಸ್ತರನದು,
ತೀರಿಹೋದ ಮೂವರು ಮೀನುಗಾರರದು.
ಅಳಿಸಿಲ್ಲ. ಹೊಲಿಯುವವಳು ಅಳತೆ ಅಳಿಸುವುದಿಲ್ಲ,
ಪಕ್ಕದಲ್ಲಿ ಹೊಸದು ಬರೆಯುತ್ತಾಳೆ.

ನನ್ನ ಗಂಡನದು ಹದಿನೇಳನೆಯ ಪುಟ.
ಕೊರಳು ಹದಿನಾರು, ತೋಳು ಮೂವತ್ನಾಲ್ಕು,
ಸೊಂಟ ಮದುವೆಯ ದಿನ ಮೂವತ್ತು,
ಆಮೇಲೆ ಮೂವತ್ತೆರಡು, ಮೂವತ್ತಾರು,
ನನ್ನ ಕೈಯಡುಗೆಗೆ ಅಷ್ಟೇ ಸಾಕ್ಷಿ.
ಅದರ ಕೆಳಗೆ, ಅವನ ಐವತ್ತೆಂಟನೆಯ ವಯಸ್ಸಿನಿಂದ,
ಇಂಚೂ ಅಲ್ಲದ ಗಜವೂ ಅಲ್ಲದ ಒಂದು ಸಾಲು:
ಪಿಎಸ್‌ಎ.

ಮೊದಲ ಸಲ ೨.೧.
ಕ್ಲಿನಿಕ್ಕಿನ ನರ್ಸ್ ಕೊಟ್ಟ ಚೀಟಿಯನ್ನು ಆಸ್ಬರ್ಟ್
ಬಸ್ಸಿನ ಟಿಕೆಟ್ಟಿನ ಹಾಗೆ ಮಡಚಿ
ಟೋಪಿಯೊಳಗೆ ಸಿಕ್ಕಿಸಿಕೊಂಡು ಬಂದ.
ಒಳ್ಳೇದೋ ಕೆಟ್ಟದ್ದೋ? ಅಂದೆ.
ಗೊತ್ತಿಲ್ಲ ವೆಲ್ಡಾ, ಪಕ್ಕದಲ್ಲಿಡೋಕೆ ಇನ್ನೊಂದು ಬೇಕಂತೆ.

ಮರುವರ್ಷ ೨.೪.
ಅದರ ಮರುವರ್ಷ ೫.೯.
ಆ ರಾತ್ರಿ ಯಾರದೋ ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದೆ.
ಡಾಕ್ಟರ್ ಆಲೀನ್ ಅಳೆದು ತೂಗಿ ಮಾತಾಡುವವರು,
ಕೇಳಿದರು: ಇಲ್ಲಿಗೆ ಹೇಗೆ ಬಂದೆಯಪ್ಪ?
ಸೈಕಲ್ಲಿನಲ್ಲಿ, ಅಂದ. ಆ ಏರುದಾರಿ ಪೂರ್ತಿ.
ಉಚ್ಚೆ ಉರಿಯುತ್ತಾ?
ಸ್ವಲ್ಪ, ಅಂದ, ನನಗೆ ಹೇಳದೇ ಇದ್ದದ್ದನ್ನ.
ಮಾತ್ರೆ ಕೊಟ್ಟರು, ಸೈಕಲ್ ಬಿಡಿಸಿದರು, ಎಂಟು ವಾರ.
೨.೭.
ನೀಲಿ ಚಾಕಿನಲ್ಲಿ ಆ ೫.೯ರ ಸುತ್ತ ಗೆರೆ ಎಳೆದೆ:
ತಪ್ಪು ಅಳತೆ.
ಉಸಿರು ಬಿಗಿಹಿಡಿದು ನಿಂತ ಗಿರಾಕಿಯದು.

ಆಮೇಲೆ ಸೈಕಲ್ಲೂ ಇಲ್ಲದೆ, ಉರಿಯೂ ಇಲ್ಲದೆ
೩.೫.
೪.೬.
೬.೨.
ಮೂರು ಸಲ ಒಂದೇ ಕಡೆ ಬಿಗಿಯಾದರೆ
ತಪ್ಪು ಬಟ್ಟೆಯದಲ್ಲ, ಮೈಯದು.
ಡಾಕ್ಟರು ಕಾಗದದ ಮೇಲೆ ಚುಕ್ಕಿಯಿಟ್ಟು ಜೋಡಿಸುವ ಮೊದಲೇ
ನನ್ನ ಹೆಬ್ಬೆರಳಿಗೆ ಆ ಏರು ತಿಳಿದುಹೋಗಿತ್ತು.

ಆಪರೇಶನ್ ಬ್ರಿಜ್‌ಟೌನಿನಲ್ಲಿ, ಕ್ರಾಪ್ ಓವರ್ ಹಬ್ಬದ ವಾರ.
ನಾನು ಹೊಲಿದ ಮಿಣುಕು ಬಟ್ಟೆ ತೊಟ್ಟು ಬೀದಿಯೆಲ್ಲ ಕುಣಿಯುವಾಗ
ಆಸ್ಪತ್ರೆಯ ಬೆಂಚಿನ ಮೇಲೆ ನಾನು,
ಹಳದಿ ಪುಕ್ಕವೊಂದು ತೋಳಿಗೆ ಅಂಟಿಕೊಂಡಿತ್ತು,
ತೆಗೆಯಬೇಕೆನಿಸಲಿಲ್ಲ.

ಮೂರು ತಿಂಗಳಿಗೆ ಬಂದದ್ದು ಬರೀ ಸಂಖ್ಯೆಯಲ್ಲ.
ಮುರಿದ ಬಾಣದ ಮೊನೆಯಂಥ ಗುರುತು, ಅದರಾಚೆ ೦.೦೧.
'ಇಷ್ಟಕ್ಕಿಂತ ಕಡಿಮೆ' ಅಂತ ಅರ್ಥವಂತೆ.
ಎಷ್ಟು ಕಡಿಮೆ?
ಯಂತ್ರಕ್ಕೆ ಅಲ್ಲಿಂದ ಕೆಳಗೆ ಕಣ್ಣಿಲ್ಲ.
ಆರು ವರ್ಷ ಆ ಮೊನೆಯನ್ನೇ ಬರೆದೆ,
ಒಂದರ ಬೆನ್ನಿಗೊಂದು, ಮಡಿಕೆ ಹೊಲಿಗೆಯ ಹಾಗೆ.
ಪುಟ ಚೆನ್ನಾಗಿ ಕಾಣುತ್ತಿತ್ತು.

ಪುಟದಲ್ಲಿ ಬರೆಯದ್ದೂ ಇದೆ.
ಅವನ ಪ್ಯಾಂಟುಗಳಿಗೆಲ್ಲ ಒಳಗೊಂದು ದಪ್ಪ ಅಸ್ತರಿ ಕೊಟ್ಟೆ.
ಅವನು ಕೇಳಿರಲಿಲ್ಲ, ನಾನು ಹೇಳಲಿಲ್ಲ.
ತೊಟ್ಟುಕೊಂಡು ಡಾಮಿನೋ ಆಡಲು ಹೋದ.
ಮಂಚದಲ್ಲಿ ಬಹಳ ದಿನ ಗೋಡೆಗೆ ಮುಖ ಮಾಡಿ ಮಲಗಿದ,
ಆಮೇಲೊಂದು ರಾತ್ರಿ ನನ್ನ ಕಡೆ ತಿರುಗಿ
ಬರೀ ಕೈ ಹಿಡಿದುಕೊಂಡ.

ಕಳೆದ ನವೆಂಬರಿನಲ್ಲಿ ೦.೦೪.
ಮಾರ್ಚಿನಲ್ಲಿ ೦.೦೭.
ನೂಲಿನ ದಪ್ಪವೂ ಇಲ್ಲ.
ಇಷ್ಟು ಹೆಚ್ಚುಕಡಿಮೆ ಕತ್ತರಿಸಿದರೆ
ಯಾವ ಮದುಮಗನಿಗೂ ಗೊತ್ತಾಗುವುದಿಲ್ಲ.
ಡಾಕ್ಟರಿಗೆ ಈಗ ಸಂಖ್ಯೆ ಬೇಡ,
ಅದು ಇಮ್ಮಡಿಯಾಗಲು ಎಷ್ಟು ತಿಂಗಳು ತೆಗೆದುಕೊಳ್ಳುತ್ತೆ,
ಅದು ಬೇಕು.
ಜುಲೈ ನೋಡೋಣ ಅನ್ನುತ್ತಾರೆ, ಆಮೇಲೆ ವಿಕಿರಣದ ಮಾತು.
ಜುಲೈಗೆಂದು ಒಂದು ಖಾನೆ ಗೆರೆ ಹಾಕಿಟ್ಟಿದ್ದೇನೆ.
ಅದರ ಮುಂದಿನದಕ್ಕೂ.

ಆಸ್ಬರ್ಟ್ ಮೆಟ್ಟಿಲ ಮೇಲೆ ಕೂತು
ಹಾರುಮೀನಿನ ಮುಳ್ಳು ಬಿಡಿಸುತ್ತಾನೆ,
ಒಂದೂ ಒಡೆಯದಂತೆ, ನಿಧಾನ.
ಡಾಮಿನೋ ಫೈನಲ್ಲಿಗೆ ಹೊಸ ಶರ್ಟು ಹೊಲಿ ಅನ್ನುತ್ತಾನೆ,
ಕೆಂಪು ಬೇಕಂತೆ, ಈ ವಯಸ್ಸಿಗೆ.
ಕೈ ತೊಳಕೊಂಡು ಬಂದು ನಿಂತ.
ಟೇಪು ಕೊರಳಿಗೆ ಸುತ್ತಿದೆ.
ಹದಿನೈದೂವರೆ.

ಎಷ್ಟು? ಅಂದ.
ಉಸಿರು ಬಿಡು ಮೊದಲು, ಅಂದೆ,
ಇನ್ನೊಂದ್ಸಲ ಅಳೀತೀನಿ.