ಒಂಬತ್ತನೇ ಸಾಲು

ಸಂಜಿ ನಾಕಕ್ಕ, ಮೊಗ್ಗಿ ಬಾಯಿ ಬಿಡೋ ಮೊದಲ,
ಚಿಮಟ ಹಿಡದು ಗಂಡು ಎಳಿ ಕಿತ್ತು ತಗೀಬೇಕು,
ಐದಕ್ಕ ಐದೂ. ಒಂದು ಉಳದರ ಕೆಲಸ ಕೆಟ್ಟಂಗ.
ಆಮ್ಯಾಲೆ ಕಾಗದದ ಟೊಪಗಿ, ಕೊರಳಿಗಿ ದಾರ.
ಕರೇ ಬದನಿ ತಾಯಿ ಆದರ ಕೆಂಪು,
ಹಸರ ಬದನಿ ತಾಯಿ ಆದರ ಬಿಳೇದು.
ಮರುದಿನ ಮುಂಜಾನಿ ಉಗುರಿನ ತುದೀಲೆ ಹೂಪುಡಿ.
ಪುಣೆದ ಮಾಂಜರಿಯೊಳಗ, ಬೀಜದ ಕಂಪನ್ಯಾಗ,
ಹನ್ನೊಂದ ವರ್ಷ ನಾ ಮಾಡಿಸಿದ ಮದವಿ ಎಣಿಸಿದರ
ಇಂಡಿ ತಾಲೂಕಿನ ಐನೋರೆಲ್ಲಾ ನಾಚಬೇಕು.

ಹ್ವಾದ ಕಾರ್ತೀಕದಾಗ ಒಂಬತ್ತನೇ ಸಾಲು ಕಾಯಿ ಬಿಟ್ಟಿತು.
ಎಂಟರಾಗಿನೂ ಅದ ಜೋಡಿಯ ಮಕ್ಕಳು,
ಅಲ್ಲಿ ಕಾಯಿ ನೇರಳಿ ಹಣ್ಣಿನಂಗ ಮಿರಮಿರ,
ಇಲ್ಲಿ ಮೈತುಂಬ ಬಿಳಿ ಗೀರು,
ಯಾರೋ ಬಾಚಣಿಕೀಲೆ ಎಳದಂಗ.

ಸೂಪರ್‌ವೈಜರ್ ಧುಮಾಳ ನನ್ನ ಕೈ ನೋಡಿದ, ಕಾಯಿ ನೋಡಲಿಲ್ಲ.
"ಪುಡಿ ಬೆರಸೀದಿ, ಬಂಗಾರೆವ್ವ."
ಮೂರು ದಿನದ ಪಗಾರ ಕಟ್.
ಮರಾಠ್ಯಾಗ ಸಿಟ್ಟು ಬರಲಿಲ್ಲ ನನಗ.
ಕನ್ನಡದಾಗ ಬಂತು, ನುಂಗಿದೆ.

ಲ್ಯಾಬಿನ ಸಾಯಲಿ ಮೇಡಂ ಎಲಿ ಹರಕೊಂಡು
ಐಸಿನ ಡಬ್ಬ್ಯಾಗ ಒಯ್ದರು.
ಇಪ್ಪತ್ತು ದಿನ ಸುದ್ದಿ ಇಲ್ಲ.
ಬಂದವರು ಬಕೀಟು ಬೋರಲ ಹಾಕಿ ಕುಂತರು:
ಎರಡೂ ಸಾಲಿನ ಬರಹ ಒಂದ, ಅಕ್ಷರ ಸೈತ ಬ್ಯಾರೆ ಇಲ್ಲ.
ಬಣ್ಣದ ಮಾತು ಎರಡರಾಗೂ ಅದ,
ಇಲ್ಲಿ ಅದರ ಮ್ಯಾಲ ಮುದ್ರಿ ಒತ್ತೇದ, ಓದಬ್ಯಾಡ ಅಂತ.
ಒತ್ತಿಸಿದ್ದು ಸಣ್ಣ ಆರ್‌ಎನ್‌ಎ,
ಇಪ್ಪತ್ನಾಕ ಅಕ್ಷರದ ಚೀಟಿ,
ತಾಯಿ ಬೀಜದಾಗ ಇಟ್ಟು ಕಳಿಸಿದ್ದು.
ಗಂಡಿನ ಪುಡ್ಯಾಗ ಅಷ್ಟು ಚೀಟಿ ಹಿಡಿಯಂಗಿಲ್ಲ.
"ತಾಯಿ ಯಾರು ಅನ್ನೋದು ಅದಲುಬದಲಾತು, ಅಷ್ಟ.
ನಿನ್ನ ದಾರ ಖರೇ ಅದ."

ಬಿಳಿ ದಾರ. ನಾನ ಕಟ್ಟಿದ್ದು. ನೆನಪಿತ್ತು ನನಗ.

"ಮುಂದಿನ ಪೀಳಿಗ್ಯಾಗ?" ಅಂದೆ.
ಮೇಡಂ ಒಂದೀಟು ಸುಮ್ಮನಾದರು.
ಉಳೀಬಹುದು,
ಒಂದು ಕೆಟ್ಟ ಬಿಸಿಲಿಗಿ ಮುದ್ರಿ ಬಿಚ್ಚಲೂಬಹುದು.

ನನ್ನ ಮಗಳದು ಮರಾಠಿ ಸಾಳಿ, ಮರಾಠಿ ಜಗಳ.
ಜ್ವರ ಏರಿದ ರಾತ್ರಿ ಮಾತ್ರ "ಅವ್ವಾ, ನೀರು" ಅಂತಾಳ.
ಹೇಳಲಿಲ್ಲ ನಾ ಅದನ್ನ.

ಪಗಾರ ಇನ್ನೂ ಬಂದಿಲ್ಲ. "ಫೈಲ್‌ನ್ಯಾಗ ಅದ" ಅಂತಾನ ಧುಮಾಳ.
ಬೀಜಕ್ಕ ಬ್ಯಾಡಾದ ನಾಕ ಕಾಯಿ ಸೆರಗಿನ್ಯಾಗ ತಂದೆ,
ಎಂಟರವು ಎರಡು, ಒಂಬತ್ತರವು ಎರಡು.
ಶೇಂಗಾ, ಗುರೆಳ್ಳು, ಖಾರಪುಡಿ ತುಂಬಿ ಎಣ್ಣಿಗಾಯಿ ಮಾಡಿದೆ.
ಬೆಂದ ಮ್ಯಾಲ ಯಾವುದು ಯಾವ ಸಾಲಿಂದು
ನನಗೂ ಗೊತ್ತಾಗಲಿಲ್ಲ.
ಒಂದರಾಗ ಉಪ್ಪು ಕಡಿಮಿ ಇತ್ತು.