ತುಟಿ ಎರಡು ಮಾಡದೆ

ಮಳೆಯ ತಿಂಗಳಲ್ಲಿ ನಾವು ಸಿಕು ಊದುವುದಿಲ್ಲ.
ಅದು ಒಣಕಾಲದ ವಾದ್ಯ. ಜೂನ್ ಬರಬೇಕು,
ತಿತಿಕಾಕಾದ ಅಂಚು ರಾತ್ರಿ ಗಾಜಾಗಬೇಕು,
ಹರವಿದ ಆಲೂಗಡ್ಡೆ ಹಿಮಕ್ಕೆ ಸೆಟೆದುಕೊಳ್ಳಬೇಕು,
ಆಗ ಗೋಡೆಯಿಂದ ಬಿದಿರು ಇಳಿಸುವುದು.
ಅಂದರೆ, ತುಟಿ ಒಡೆಯುವ ಕಾಲಕ್ಕೇ ಸರಿಯಾಗಿ
ತುಟಿಗೆ ಕೆಲಸ.
ಯಾರು ಹೀಗೆ ಗೊತ್ತುಮಾಡಿದರು ಅಂತ ಕೇಳಿದರೆ
ಹಿರಿಯರು ನಗುತ್ತಾರೆ,
ನಕ್ಕದ್ದಕ್ಕೆ ತುಟಿ ಹಿಡಿದುಕೊಂಡು ನರಳುತ್ತಾರೆ.

ಸಿಕು ಒಂದಲ್ಲ, ಜೋಡಿ.
ಇರ ಎವರಿಸ್ತೊನದು, ಆರು ಕೊಳವೆ.
ಅರ್ಕ ನನ್ನದು, ಏಳು.
ಒಂದು ಸ್ವರ ಅವನಲ್ಲಿದ್ದರೆ ಮುಂದಿನದು ನನ್ನಲ್ಲಿ.
ಒಬ್ಬನೇ ಊದಿದರೆ ಅದು ಹಾಡಲ್ಲ,
ಹಲ್ಲುದುರಿದ ಬಾಚಣಿಗೆ.

ನಾವಿಬ್ಬರು ಮಾತಾಡಿ ನಾಲ್ಕು ವರ್ಷ.
ಕುರಿಹಟ್ಟಿಯ ಕಲ್ಲುಗೋಡೆ
ಮೂರು ಮೊಳ ಇತ್ತ ಬಂತು ಅಂತ ನಾನು,
ಅತ್ತ ಹೋಯಿತು ಅಂತ ಅವನು.
ಆದರೂ ಒಣಕಾಲ ಬಂದರೆ
ತುಟಿ ಪಿಟಕ್ಕೆನ್ನದೆ ಎದುರುಬದುರು ನಿಲ್ಲುತ್ತೇವೆ.
ಬಿದಿರಿನಲ್ಲಿ ಅವನು ಕೇಳುತ್ತಾನೆ,
ಬಿದಿರಿನಲ್ಲೇ ನನ್ನ ಉತ್ತರ.
ಮುಗಿದ ಮೇಲೆ ಟೋಪಿ ಸರಿಮಾಡಿಕೊಂಡು
ಅವನು ಅತ್ತ, ನಾನು ಇತ್ತ.

ಈ ಸಲ ಹಬ್ಬಕ್ಕೆ ಒಂಬತ್ತು ದಿನ ಇರುವಾಗ
ಅವನ ಕೆಳತುಟಿ ನಟ್ಟನಡುವೆ ಬಿರಿಯಿತು.
ಮೊಗ್ಗು ಬಿರಿದ ಹಾಗಲ್ಲ,
ಕೆರೆಯಂಗಳ ಬಿರಿದ ಹಾಗೆ.
ಮೂರನೇ ಕೊಳವೆಯಲ್ಲಿ ಉಸಿರು ಜಾರಿ ಬರೀ ಗಾಳಿ.
ಹಾಡಿಗೆ ತೂತು ಬಿತ್ತು.
ತೂತಿನ ದಡದಲ್ಲಿ ನನ್ನ ಸ್ವರ ಹಿಡಿದುಕೊಂಡು
ದೋಣಿ ತಪ್ಪಿದವನ ಹಾಗೆ ನಿಂತೆ.

ಅವನು ತುಟಿ ನೆಕ್ಕಿದ. ಮತ್ತೆ ನೆಕ್ಕಿದ.
ಅಯ್ಯೋ ಪೆದ್ದ, ನೆಕ್ಕಬೇಡವೋ!
ನಾಲಗೆ ಕೊಡುವುದು ಕೈಸಾಲ,
ಈ ಗಾಳಿ ಬಡ್ಡಿ ಸಮೇತ ಎತ್ತಿಕೊಂಡು ಹೋಗುತ್ತದೆ.
ಸಿಪ್ಪೆ ಕಚ್ಚಿ ಎಳೆಯಬೇಡ, ತಾನಾಗಿ ಬೀಳಲಿ.
ಬಾಯಾರುವ ತನಕ ಕಾಯದೆ ನೀರು ಕುಡಿ.
ಶಾಲು ಮೂಗಿನ ತನಕ ಬರಲಿ.
ಬಿಸಿಲು ತಣ್ಣಗಿದೆ ಅಂತ ನಂಬಬೇಡ,
ಇಷ್ಟು ಎತ್ತರದಲ್ಲಿ ಅದೇ ದೊಡ್ಡ ಕಳ್ಳ.
ಹಬ್ಬದ ತನಕ ಲೊಕೊತೊ ಮೆಣಸಿನ ಚಟ್ನಿ ಮುಟ್ಟಬೇಡ.
ಇಷ್ಟನ್ನೂ ಹೇಳಿದೆ,
ಮನಸ್ಸಿನಲ್ಲಿ.
ಬಾಯಿಬಿಟ್ಟು ಹೇಳಲು ಗೋಡೆ ಅಡ್ಡ ಬಂತು.

ನನ್ನ ಅತ್ತೆ ಬಸಿಲಿಯಾ
ಲಾಮಾದ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ,
ಹಳೇ ಲಂಗದ ಬಟ್ಟೆಯಲ್ಲಿ ಸೋಸಿ,
ಜೇನುಮೇಣದ ಚೂರು ಹಾಕಿ
ತಂಬಾಕಿನ ಡಬ್ಬಿಗೆ ಸುರಿದಿಡುತ್ತಾಳೆ.
ಪಟ್ಟಣದ ಔಷಧಿ ಅಂಗಡಿಯಲ್ಲಿ
ಕೋಕೋ ಬೆಣ್ಣೆಯ ಕಡ್ಡಿ ಸಿಗುತ್ತದೆ. ಘಮಘಮ.
ಘಮಕ್ಕೇ ನಾಲಗೆ ಹೊರಗೆ ಬರುತ್ತದೆ, ಅದೇ ತೊಂದರೆ.
ಇದನ್ನು ಯಾರೂ ನೆಕ್ಕುವುದಿಲ್ಲ.
‘ವಾಸನೆಯೇ ಕಾವಲುನಾಯಿ’ ಅನ್ನುತ್ತಾಳೆ ಅತ್ತೆ.

ಕತ್ತಲಾದ ಮೇಲೆ ಡಬ್ಬಿಯನ್ನು
ಗೋಡೆಯ ಮೇಲಿಟ್ಟು ಬಂದೆ.
ಯಾವ ಕಲ್ಲು ಅಂದರೆ, ಆ ಜಗಳದ ಕಲ್ಲೇ.

ಬೆಳಿಗ್ಗೆ ಡಬ್ಬಿ ಇಟ್ಟಲ್ಲೇ ಇತ್ತು.
ಮರುದಿನವೂ.
ಮೂರನೇ ದಿನ ಮುಚ್ಚಳದ ಹಿಮದ ಮೇಲೆ ಬೆರಳ ಗುರುತು.
ತೆರೆದೆ. ನುಣ್ಣನೆಯ ಕೊಬ್ಬಿನಲ್ಲಿ
ಒಂದು ತೋರುಬೆರಳಿನಷ್ಟು ಗುಂಡಿ.
ಪಕ್ಕದಲ್ಲೇ ಇನ್ನೊಂದು ತೋಡಿ
ನಾನೂ ಹಚ್ಚಿಕೊಂಡೆ.
ನನ್ನದೂ ಒಡೆದಿತ್ತು, ಹೇಳಿರಲಿಲ್ಲ ಅಷ್ಟೆ.

ಹಬ್ಬದ ದಿನ ಮೂರನೇ ಕೊಳವೆ ಹಾಡಿತು,
ತುಸು ಕರಕಲಾಗಿ, ತಳ ಹಿಡಿದ ಹಾಲಿನ ಹಾಗೆ.
ತೂತು ಇರಲಿಲ್ಲ. ದಾಟಿದೆ.

ಮುಗಿದ ಮೇಲೆ ಟೋಪಿ ಸರಿಮಾಡಿಕೊಂಡು
ಹೊರಟವನು ನಿಂತ.
ತುಟಿ ಎರಡು ಮಾಡಿದ.
ನಾಲ್ಕು ವರ್ಷದ ಮೊದಲ ಮಾತು:
‘ಮೇಣ ಜಾಸ್ತಿಯಾಯ್ತು.’

ಅತ್ತೆಗೆ ಹೇಳ್ತೇನೆ ಅಂದೆ.

ಗೋಡೆ ಎಲ್ಲಿತ್ತೋ ಅಲ್ಲೇ ಇದೆ.
ಡಬ್ಬಿಯೂ.