ಅಳಿವೆಯೊಡೆಯ

ಬಂದರಿನ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ಭಾನುವಾರ ನಾಲ್ಕಕ್ಕೆ ನಮ್ಮ ರಾಜ್ಯ ತೆರೆಯುತ್ತಿತ್ತು.
ಕೆಳಗೆ ಯಂತ್ರದ ಗುಡುಗುಡು, ಅಮೋನಿಯದ ಘಾಟು.
ಮೇಲೆ, ಹಳೇ ಮೀನುಲೆಕ್ಕದ ಪುಸ್ತಕದ ಬೆನ್ನಿಗೆ
ಹರಿಣಾಕ್ಷಿ ಬರೆದ ನಕಾಶೆ:
ಏಳು ನದಿ, ಒಂದೇ ಬಾಯಿ,
ಬಾಯಿಗೆ ಅಡ್ಡ ಒಂದು ಮರಳ ದಿಬ್ಬ.

ನಾನು ಕಳ್ಳ. ಶಕ್ತಿ ಆರು, ಮಾತು ನಾಲ್ಕು, ಕಿವಿ ಹದಿನೆಂಟು.
ಫ್ಲೋಸಿನ್ ಮಂತ್ರವಾದಿ;
ಶಾಪ ಹಾಕುವ ಮುನ್ನ ಬನ್ಸಿನ ಎಣ್ಣೆ ಒರೆಸಿಕೊಳ್ಳುವಳು.
ಸಫ್ವಾನನಿಗೆ ದೊರೆತನವೇ ಆಗಬೇಕು.
ವಾರವಿಡೀ ಧಕ್ಕೆಯಲ್ಲಿ
"ಆಯ್ತು ಸಾವ್ಕಾರ್ರೆ, ಆಯ್ತು" ಅಂದೂ ಅಂದೂ ಬಾಗಿದ ಬೆನ್ನು
ಒಂದು ಸಂಜೆಯಾದರೂ ನೆಟ್ಟಗಾಗಬೇಡವೇ?

"ಬಿರುದು ಎಂತ ಕೊಡ್ತಿ ಮಾರಾಯ್ತಿ?"
ಅವಳು ದಾಳ ಉರುಳಿಸಲಿಲ್ಲ, ಪುಟ ತಿರುವಲಿಲ್ಲ.
ಎಷ್ಟೋ ದಿನದಿಂದ ಬಾಯಲ್ಲೇ ಇಟ್ಟುಕೊಂಡವಳ ಹಾಗೆ
"ಅಳಿವೆಯೊಡೆಯ" ಅಂದಳು.

ಎರಡು ಹೊಳೆ ಕೂಡಿ ಕಡಲು ಸೇರುವ ಊರು ನಮ್ಮದು;
ಅಳಿವೆ ಅಂದರೆ ದಿನಾ ಕೇಳುವ ಶಬ್ದ, ಯಾರೂ ತಡೆದು ನೋಡಲಿಲ್ಲ.
ನಿಯಮ ಒಂದೇ: ಪ್ರತಿ ಆಟದ ಮೊದಲು
ದೊರೆ ಪಡುವಣಕ್ಕೆ ತಿರುಗಿ
ತನ್ನ ಬಿರುದು ತಾನೇ ಹೇಳಬೇಕು, ಮೂರು ಸಲ,
ಬಿಡಿಸಿ, ನಿಧಾನ:
ಅಳಿವೆ. ಒಡೆಯ.

ನಾನು ಪತ್ರಿಕೆಯಲ್ಲಿ ಕರಡು ತಿದ್ದುವವನು.
ಅಲ್ಪವಿರಾಮಗಳಿಗಾಗಿ ಸಂಬಳ ಎಣಿಸುವವನು.
ಮೂರನೇ ಭಾನುವಾರ, ಅವನು ಉಸಿರೆಳೆದುಕೊಂಡ ಜಾಗದಲ್ಲಿ
ನನಗೆ ಅದು ಕಂಡಿತು.
ಅಳಿವೆ, ಒಡೆಯ.
ನಾನು ಅಳಿಯುವೆ, ಒಡೆಯಾ.

ಬಿರುದಲ್ಲ, ಬರೆದುಕೊಟ್ಟ ಮುಚ್ಚಳಿಕೆ.
ದಿಬ್ಬದಡಿ ಮಲಗಿದ ಯಾವುದಕ್ಕೋ
ದೊರೆಯೇ ವಾರವಾರ ಒಪ್ಪಿಸುವ ತಲೆ.

ಹೇಳಬಹುದಿತ್ತು.
ಕಳ್ಳನಿಗೆ ಕಿವಿ ಹದಿನೆಂಟು, ಮಾತು ಬರೀ ನಾಲ್ಕು,
ಅದು ಆಟದ ನೆಪ.
ಅವನು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಕಂಡಿರಲಿಲ್ಲ,
ಅದೂ ನಿಜ.
ದೊರೆ ಹೋದರೆ ಖಜಾನೆ ಕಳ್ಳನಿಗೆ ಅಂತ
ಏಳನೇ ಪುಟದ ಅಂಚಿನಲ್ಲಿ ಇತ್ತು. ಅದನ್ನೂ ಓದಿದ್ದೆ.

ಹನ್ನೊಂದನೇ ಭಾನುವಾರ ದಿಬ್ಬ ಕದಲಿತು.
ದಂಡು ಸಾಲಲಿಲ್ಲ, ಫ್ಲೋಸಿನಳ ಮಂತ್ರ ಮೂರಕ್ಕೆ ಬಿದ್ದು ಮುಗ್ಗರಿಸಿತು.
ನೀರು ಕೋಟೆಯ ಎರಡನೇ ಮೆಟ್ಟಿಲಲ್ಲಿ.
ಹರಿಣಾಕ್ಷಿ ನಕಾಶೆಯಿಂದ ತಲೆಯೆತ್ತದೆ,
"ಬಿರುದು ಉಂಟಲ್ಲ."

ಇಪ್ಪತ್ತು ಮುಖದ ದಾಳವನ್ನು ಸಫ್ವಾನ ಮುಟ್ಟಲಿಲ್ಲ.
ಕೆಳಗಿನ ಯಂತ್ರ ಮಾತ್ರ ಆಡುತ್ತಿತ್ತು.
ಎದ್ದ, ಕಿಟಕಿಯ ಕಡೆ ತಿರುಗಿದ,
ಸರಿಯಾದ ಜಾಗದಲ್ಲಿ ನಿಲ್ಲಿಸಿ, ಒಂದೇ ಸಲ ಹೇಳಿದ.

ಅವನಿಗೆ ಗೊತ್ತಿತ್ತು.
ಎಂದಿನಿಂದ ಅಂತ ನಾನು ಕೇಳಲಿಲ್ಲ.
ತನ್ನ ಹಾಳೆಗೆ ಅಡ್ಡಗೆರೆ ಎಳೆದು, ಪೆನ್ಸಿಲು ಕಿವಿಗೆ ಸಿಕ್ಕಿಸಿ
"ಚಾದ್ದು ಎಷ್ಟಾಯ್ತು?" ಅಂದ.

ಹರಿಣಾಕ್ಷಿ ಬೆಂಗ್ರೆಯವಳು.
ಹೊಳೆಗೂ ಕಡಲಿಗೂ ನಡುವಿನ ಮರಳಿನಲ್ಲಿ ಹುಟ್ಟಿ
ಅಲ್ಲೇ ಬಟ್ಟೆ ಒಣಹಾಕುವವಳು.
ಕೊನೆಯ ಫೆರಿಗೆ ಬಿಡಲು ಹೋದಾಗ, ನಾನು ಕೇಳದೆಯೇ,
"ನಿಲ್ಲು ಅಂದರೆ ಯಾರು ನಿಲ್ತಾರೆ?
ಒಡೆಯ ಅಂದರೆ ನಿಲ್ತಾರೆ."
ಹಲಗೆ ದಾಟಿದಳು. ಕೈ ಬೀಸಲಿಲ್ಲ.

ಸೋಮವಾರ ರಾತ್ರಿ ಪಾಳಿ.
ಮೂರನೇ ಪುಟಕ್ಕೆ ಬಂದ ಶೀರ್ಷಿಕೆ:
"ಅಳಿವೆ, ಬಾಗಿಲಲ್ಲಿ ಹೂಳು: ಮೀನುಗಾರರ ಅಹವಾಲು."
ಯಾರದೋ ಬೆರಳು ಜಾರಿ ಬಿದ್ದ ಅಲ್ಪವಿರಾಮ.
ತೆಗೆಯಬೇಕು.
ಒಂದೂವರೆಗೆ ಪುಟ ಹೋಗುತ್ತದೆ,
ಪೆನ್ನಿನ ಮೊನೆ ಇನ್ನೂ ಅದರ ಮೇಲೆ ಇದೆ.